ಮರುಭೂಮಿಯ ಉಗ್ರಾಣಿ: ಲೆಫ್ಟಿನೆಂಟ್ ಜನರಲ್ ವಿಲಿಯಂ ಪಗೋನಿಸ್

1990-91ರ ಕೊಲ್ಲಿ ಯುದ್ಧದ ಸಂದರ್ಭದಲ್ಲಿ ಅಮೆರಿಕದ ಸೇನೆಗಾಗಿ ಸೌದಿ ಅರೇಬಿಯಾದ ಬಂದರುಗಳಲ್ಲಿ ಸುಮಾರು 40,000 ಕಂಟೇನರ್‌ಗಳು ಬಂದಿಳಿದವು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳ ಒಳಗೆ ಯಾವ ಸರಕಿದೆಯೆಂಬುದನ್ನು ತಿಳಿಯಲು ಬಾಗಿಲು ತೆರೆದು ನೋಡುವುದಲ್ಲದೆ ಬೇರೆ ದಾರಿಯಿರಲಿಲ್ಲ. ಜಗತ್ತಿನ ಅತ್ಯಂತ ಸಿರಿವಂತ ಸೇನೆಯ ಉಗ್ರಾಣದ ಸ್ಥಿತಿ ಹೀಗಿತ್ತು. ಆದರೂ ಆ ಯುದ್ಧದ ಸರಬರಾಜು ವ್ಯವಸ್ಥೆಯನ್ನು ಆಡಳಿತ ನಿರ್ವಹಣೆಯ ತರಗತಿಗಳಲ್ಲಿ ಯಶಸ್ಸಿನ ಉದಾಹರಣೆಯಾಗಿಯೇ ಬೋಧಿಸುತ್ತ ಬರಲಾಗಿದೆ. ಈ ಎರಡು ಮಾತುಗಳೂ ನಿಜ. ಇವೆರಡೂ ಒಟ್ಟಿಗೆ ಹೇಗೆ ನಿಜವಾಗಬಲ್ಲವೆಂಬುದನ್ನು ಅರಿಯಬೇಕಾದರೆ ಆ ವ್ಯವಸ್ಥೆಯ ಹೊಣೆ ಹೊತ್ತಿದ್ದ ಅಧಿಕಾರಿಯ ವೃತ್ತಿಜೀವನವನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯಕ.

ಸೈನ್ಯದ ಚರಿತ್ರೆಯೆಂದರೆ ಸಾಮಾನ್ಯವಾಗಿ ಕಾದಾಡಿದವರ ಚರಿತ್ರೆ. ಅಕ್ಕಿ, ಎಣ್ಣೆ, ಗುಂಡು, ಟೈರು, ಬೂಟುಗಳನ್ನು ಹೊತ್ತೊಯ್ದವರ ಹೆಸರು ಅದರಲ್ಲಿ ಕಾಣುವುದು ಅಪರೂಪ. ನಮ್ಮ ಸೇನೆಯಲ್ಲಿ ಈ ಕೆಲಸವನ್ನು ನಿರ್ವಹಿಸುವ ಸೇನಾ ಸೇವಾ ದಳದ ಕೇಂದ್ರ ಬೆಂಗಳೂರಿನಲ್ಲಿಯೇ ಇದ್ದರೂ ಅದರ ಮುಂದೆ ದಿನನಿತ್ಯ ಹಾದುಹೋಗುವ ನಮ್ಮಲ್ಲಿ ಎಷ್ಟು ಮಂದಿ ಅದರ ಕಾರ್ಯವೇನೆಂದು ವಿಚಾರಿಸಿದ್ದೇವೆ? ಪಗೋನಿಸ್ ಅವರ ಹೆಸರು ಉಳಿದುಕೊಂಡದ್ದು ಈ ಸಾಮಾನ್ಯ ನಿಯಮಕ್ಕೆ ಒಂದು ಅಪವಾದ.

ಉಪಾಹಾರಗೃಹದಿಂದ ಸೇನೆಗೆ

ವಿಲಿಯಂ ಗಸ್ ಪಗೋನಿಸ್ 1941ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಷಾರ್ಲರಾಯ್ ಎಂಬ ಪುಟ್ಟ ಕೈಗಾರಿಕಾ ಪಟ್ಟಣದಲ್ಲಿ ಗ್ರೀಕ್ ಮೂಲದ ಕುಟುಂಬದಲ್ಲಿ ಜನಿಸಿದರು. ಕುಟುಂಬದ ಉಪಾಹಾರಗೃಹದಲ್ಲಿ ಮೇಜು ಒರೆಸುತ್ತ ಬೆಳೆದ ಹುಡುಗ ಇವರು. ಗಿರಾಕಿ ಬಂದು ಕುಳಿತಾಗ ಕೊಡಲು ಪದಾರ್ಥವಿಲ್ಲದಿದ್ದರೆ ಏನಾಗುತ್ತದೆ, ಬೇಕಾದುದಕ್ಕಿಂತ ಹೆಚ್ಚು ಮಾಡಿಟ್ಟರೆ ಸಂಜೆಗೆ ಏನಾಗುತ್ತದೆ ಎಂಬುದು ಹೋಟೆಲ್ ಉದ್ಯಮದವರಿಗೆ ಯಾವ ಪುಸ್ತಕವೂ ಕಲಿಸಬೇಕಾದ ವಿಷಯವಲ್ಲ.

ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಸಾರಿಗೆ ನಿರ್ವಹಣೆಯನ್ನೇ ವಿಷಯವಾಗಿ ಓದಿ 1964ರಲ್ಲಿ ಪದವಿ ಪಡೆದ ಅವರು ಸೇನೆಯ ಸಾರಿಗೆ ದಳವನ್ನು ಸೇರಿದರು. ಮುಂದೆ ಸೇವೆಯಲ್ಲಿರುವಾಗಲೇ ಅದೇ ವಿಶ್ವವಿದ್ಯಾಲಯದಿಂದ ವ್ಯವಹಾರ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು.

ವಿಯೆಟ್ನಾಂ ಯುದ್ಧದಲ್ಲಿ ಮೆಕಾಂಗ್ ನದಿಯ ಮುಖಜಭೂಮಿಯಲ್ಲಿ ಅವರಿಗೆ ದೊರೆತದ್ದು ಒಂದು ದೋಣಿ ಕಂಪನಿಯ ನಾಯಕತ್ವ. ರಸ್ತೆಗಳಿಲ್ಲದ, ಎಲ್ಲೆಲ್ಲೂ ಕಾಲುವೆಗಳಿದ್ದ ಆ ಪ್ರದೇಶದಲ್ಲಿ ಸರಕು ಸಾಗಿಸುವುದಷ್ಟೇ ಅಲ್ಲ, ಫಿರಂಗಿಗಳನ್ನು ಹೊತ್ತ ತೇಲುವೇದಿಕೆಗಳನ್ನು ಗುಂಡಿನ ಸುರಿಮಳೆಯ ನಡುವೆ ಮುಂದೆ ಒಯ್ಯುವುದೂ ಈ ದೋಣಿಗಳ ಕೆಲಸವಾಗಿತ್ತು. ಶೌರ್ಯಕ್ಕಾಗಿ ನೀಡುವ ಸಿಲ್ವರ್ ಸ್ಟಾರ್ ಪದಕ ಅವರಿಗೆ ಸಂದದ್ದು ವಿಯೆಟ್ನಾಂ ಸೇವೆಯಲ್ಲಿ. ಸಾರಿಗೆ ಅಧಿಕಾರಿಯೊಬ್ಬರ ಎದೆಯ ಮೇಲೆ ಆ ಪದಕ ಕಾಣುವುದು ಸಾಮಾನ್ಯವಲ್ಲ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಸರಕನ್ನು ಪಡೆಯುವ ತುದಿಯಲ್ಲಿರುವವನ ಕಷ್ಟವನ್ನು ಅವರು ಆ ತುದಿಯಲ್ಲಿಯೇ ನಿಂತು ಕಂಡಿದ್ದರು. ಕಚೇರಿಯಲ್ಲಿ ಕುಳಿತು ರವಾನೆಯ ಪಟ್ಟಿಗೆ ಸಹಿ ಹಾಕುವವರಿಗೆ ಈ ಅನುಭವ ದೊರೆಯುವುದಿಲ್ಲ.

ಬರಿಗೈಯ ಆರಂಭ

1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. ಒಂದೇ ವಾರದೊಳಗೆ, ಆಗ ಮೇಜರ್ ಜನರಲ್ ಆಗಿದ್ದ ಪಗೋನಿಸ್ ಬೆರಳೆಣಿಕೆಯ ಸಹಾಯಕರೊಡನೆ ಸೌದಿ ಅರೇಬಿಯಾದಲ್ಲಿಳಿದರು. ಯೋಜನೆಯ ಕರಡನ್ನು ಸಿದ್ಧಪಡಿಸಿದ್ದು ಅಲ್ಲಿಗೆ ಹೊರಟ ವಿಮಾನದಲ್ಲಿ. ಬಂದವರನ್ನು ಬರಮಾಡಿಕೊಳ್ಳುವುದು, ಅವರನ್ನು ಮುಂದಕ್ಕೆ ಸಾಗಿಸುವುದು, ಅಲ್ಲಿ ಅವರನ್ನು ಪೋಷಿಸುವುದು ಎಂಬ ಮೂರೇ ಭಾಗಗಳಲ್ಲಿ ಇಡೀ ಕೆಲಸವನ್ನು ವಿಂಗಡಿಸಲಾಗಿತ್ತು.

ಪ್ರಧಾನ ದಂಡನಾಯಕ ಜನರಲ್ ನಾರ್ಮನ್ ಷ್ವಾರ್ಜ್‌ಕಾಫ್ ಅವರು ಕಾದಾಡುವ ಪಡೆಗಳು ಮೊದಲು ಬರಲಿ, ಬೆಂಬಲದ ಪಡೆಗಳು ಆಮೇಲೆ ಬರಲಿ ಎಂದು ತೀರ್ಮಾನಿಸಿದ್ದರು. ಇರಾಕಿನ ಸೇನೆ ಗಡಿಯಲ್ಲಿ ನಿಂತಿರುವಾಗ ಇದು ಅನಿವಾರ್ಯವಾಗಿತ್ತು. ಆದರೆ ಇದರ ಪರಿಣಾಮವಾಗಿ ಸಾವಿರಾರು ಸೈನಿಕರು ಆಗಸ್ಟ್ ತಿಂಗಳ ಉರಿಬಿಸಿಲಿನಲ್ಲಿ ಅಡುಗೆಯವರಿಲ್ಲದೆ, ಲಾರಿಗಳಿಲ್ಲದೆ, ಡೇರೆಗಳಿಲ್ಲದೆ ವಿಮಾನದಿಂದ ಇಳಿಯತೊಡಗಿದರು. ತಮ್ಮ ಸರಕು ಹಡಗಿನಲ್ಲಿ ಬರುವವರೆಗೆ ಕಾಯುವ ಅವಕಾಶ ಪಗೋನಿಸ್ ಅವರಿಗಿರಲಿಲ್ಲ. ಅವರು ಪೇಟೆಗೆ ಹೋದರು. ಕುಡಿಯುವ ನೀರು, ಡೇರೆ, ಬಸ್ಸು, ಲಾರಿ, ಊಟ, ಹೀಗೆ ಕೊಳ್ಳಲು ಸಿಕ್ಕಿದುದನ್ನು ಕೊಂಡರು, ಬಾಡಿಗೆಗೆ ಸಿಕ್ಕಿದುದನ್ನು ಬಾಡಿಗೆಗೆ ಪಡೆದರು. ಬಾಡಿಗೆ ಲಾರಿಗಳನ್ನು ಓಡಿಸಿದವರಲ್ಲಿ ಬಹುಮಂದಿ ಅನ್ಯ ದೇಶಗಳಿಂದ ದುಡಿಯಲು ಬಂದ ಚಾಲಕರು. ಟ್ಯಾಂಕುಗಳನ್ನು ಹೊರಬಲ್ಲ ಭಾರೀ ಟ್ರೈಲರ್‌ಗಳು ಅಮೆರಿಕದ ಸೇನೆಯಲ್ಲಿ ಸಾಕಷ್ಟಿಲ್ಲದ ಕಾರಣ ಅವನ್ನು ಇತರ ದೇಶಗಳಿಂದ ಪಡೆಯಬೇಕಾಯಿತು. ಅವುಗಳಲ್ಲಿ ಸ್ವಲ್ಪ ಕಾಲದ ಹಿಂದಿನವರೆಗೂ ಎದುರಾಳಿಯೆನಿಸಿದ್ದ ಜೆಕೊಸ್ಲೊವಾಕಿಯಾ ಕೂಡ ಇತ್ತೆಂಬುದು ಕುತೂಹಲದ ಸಂಗತಿ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಇಂಥ ಕಾರ್ಯಾಚರಣೆಯಲ್ಲಿ ಬಂದರು, ಸಾಗಣೆ, ಇಂಧನ, ಆಹಾರ, ಸ್ಥಳೀಯ ಗುತ್ತಿಗೆ ಇವೆಲ್ಲವೂ ಬೇರೆಬೇರೆ ಅಧಿಕಾರಿಗಳ ಕೈಯಲ್ಲಿ ಹಂಚಿಹೋಗುವುದು ವಾಡಿಕೆ. ಇಲ್ಲಿ ಅವು ಒಬ್ಬರ ಅಡಿಗೆ ಬಂದವು. ಅವರ ಅಧೀನದ ವ್ಯವಸ್ಥೆಗೆ 22ನೇ ಸಪೋರ್ಟ್ ಕಮಾಂಡ್ ಎಂಬ ಹೆಸರಾಯಿತು. ಯುದ್ಧರಂಗದಲ್ಲಿರುವಾಗಲೇ ಪಗೋನಿಸ್ ಅವರಿಗೆ ಮೂರನೆಯ ನಕ್ಷತ್ರ ನೀಡಿ ಲೆಫ್ಟಿನೆಂಟ್ ಜನರಲ್ ಪದವಿಗೆ ಏರಿಸಲಾಯಿತು. ಅದು ಗೌರವಕ್ಕಾಗಿ ಮಾತ್ರ ನೀಡಿದ ಬಡ್ತಿಯಲ್ಲ. ಕಾದಾಡುವ ಕೋರ್‌ಗಳ ದಂಡನಾಯಕರೂ ಅದೇ ದರ್ಜೆಯವರು. ಸಮಾನ ದರ್ಜೆಯವನಲ್ಲದ ಉಗ್ರಾಣಿ 'ಆಗದು' ಎಂದರೆ ಕೇಳುವವರು ಯಾರು?

ಚೀಟಿ ಮತ್ತು ನಿಂತ ಸಭೆ

ಪಗೋನಿಸ್ ಅವರ ದಿನಚರಿ ಅತ್ಯಂತ ಸರಳವಾದ ಸಾಧನಗಳ ಮೇಲೆ ನಿಂತಿತ್ತು. ಮೂರಂಗುಲ ಅಗಲ, ಐದಂಗುಲ ಉದ್ದದ ಕಾರ್ಡಿನ ಚೀಟಿ ಅವುಗಳಲ್ಲಿ ಪ್ರಸಿದ್ಧವಾದುದು. ಅವರ ಅಧೀನದ ಯಾವ ಸೈನಿಕನಾದರೂ, ಎಷ್ಟೇ ಕೆಳದರ್ಜೆಯವನಾದರೂ, ತನ್ನ ಪ್ರಶ್ನೆಯನ್ನೋ ಸಮಸ್ಯೆಯನ್ನೋ ಅದರಲ್ಲಿ ಬರೆದು ಕಳುಹಿಸಬಹುದಾಗಿತ್ತು. 24 ಗಂಟೆಯೊಳಗೆ ಉತ್ತರ ಬರೆದು ಚೀಟಿಯನ್ನು ಹಿಂದಿರುಗಿಸುವುದು ನಿಯಮ. ಚೀಟಿ ಚಿಕ್ಕದಾದ್ದರಿಂದ ಬರೆಯುವವನು ವಿಷಯವನ್ನು ಮಾತ್ರ ಬರೆಯಬೇಕು, ಓದುವವನಿಗೂ 'ಆಮೇಲೆ ನೋಡುತ್ತೇನೆ' ಎನ್ನಲು ನೆಪವಿಲ್ಲ.

ಬೆಳಗಿನ ಸಭೆ ನಿಂತುಕೊಂಡೇ ನಡೆಯುತ್ತಿತ್ತು. ಕುರ್ಚಿಗಳಿಲ್ಲದ ಸಭೆ ಬೇಗ ಮುಗಿಯುತ್ತದೆಂಬುದನ್ನು ನಮ್ಮ ಸಂಘಸಂಸ್ಥೆಗಳ ಪದಾಧಿಕಾರಿಗಳು ಪ್ರಯೋಗಿಸಿ ನೋಡಬಹುದು. ಸಂಜೆಯ ಸಭೆಯಲ್ಲಿ ಕುಳಿತು ಕ್ಲಿಷ್ಟ ವಿಷಯಗಳನ್ನು ಬಿಡಿಸಿ ನೋಡಲಾಗುತ್ತಿತ್ತು. ಇವಲ್ಲದೆ, 'ಘೋಸ್ಟ್‌ಬಸ್ಟರ್ಸ್' ಎಂಬ ತಮಾಷೆಯ ಹೆಸರಿನ ಒಂದು ಚಿಕ್ಕ ತಂಡವನ್ನು ಅವರು ಇಟ್ಟುಕೊಂಡಿದ್ದರು. ಎಲ್ಲಿ ಸರಕು ಸಿಕ್ಕಿಬಿದ್ದಿದೆಯೆಂದು ತಿಳಿಯಿತೋ ಅಲ್ಲಿಗೆ ಹೋಗಿ, ಕಣ್ಣಾರೆ ಕಂಡು, ನೇರವಾಗಿ ಅವರಿಗೇ ವರದಿ ಮಾಡುವುದು ಈ ತಂಡದ ಕಾರ್ಯ. ಲಿಖಿತ ವರದಿಗಳಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆಂಬುದು ಅವರಿಗೆ ತಿಳಿಯದ ವಿಷಯವಾಗಿರಲಿಲ್ಲ.

ಊಟದ ವಿಷಯದಲ್ಲಿಯೂ ಹೋಟೆಲಿನವರ ಮಗನ ದೃಷ್ಟಿ ಎದ್ದು ಕಾಣುತ್ತದೆ. ಪೊಟ್ಟಣದ ಸಿದ್ಧ ಆಹಾರ ತಿಂದು ಬೇಸತ್ತ ಸೈನಿಕರಿಗಾಗಿ ವುಲ್ಫ್ ಎಂಬ ವಾರಂಟ್ ಅಧಿಕಾರಿಯೊಬ್ಬರು ಬಿಸಿ ಹ್ಯಾಂಬರ್ಗರ್ ಮಾಡಿಕೊಡುವ ಸಂಚಾರಿ ಗಾಡಿಗಳನ್ನು ರೂಪಿಸಿದರು. 'ವುಲ್ಫ್‌ಮೊಬೈಲ್' ಎಂದು ಹೆಸರಾದ ಈ ಗಾಡಿಗಳು ಮರುಭೂಮಿಯ ನಡುವಿನ ಶಿಬಿರಗಳಿಗೆ ಹೋಗುತ್ತಿದ್ದವು. ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಯಾವ ತಲೆಬರಹವೂ ಇರದು. ಆದರೂ ಪಗೋನಿಸ್ ಇದಕ್ಕೆ ಬೆಂಬಲ ನೀಡಿದರು.

ಕಾಣದ ದಾಸ್ತಾನು

ಇನ್ನು ಆ 40,000 ಕಂಟೇನರ್‌ಗಳ ವಿಷಯಕ್ಕೆ ಬರೋಣ. ನಮ್ಮ ಸದಸ್ಯರಿಗೆ ಈ ಪ್ರಕರಣದಲ್ಲಿ ಅತ್ಯಂತ ಉಪಯುಕ್ತವಾದ ಭಾಗ ಇದೇ ಎಂಬುದು ಈ ಲೇಖಕನ ಅಭಿಪ್ರಾಯ.

ಮುಂಚೂಣಿಯ ಒಂದು ಘಟಕಕ್ಕೆ ವಾಹನದ ಬಿಡಿಭಾಗವೊಂದು ಬೇಕಾಗುತ್ತದೆಂದು ಭಾವಿಸಿ. ಅದು ಇಂಡೆಂಟ್ ಕಳುಹಿಸುತ್ತದೆ. ಆ ಇಂಡೆಂಟ್ ಎಲ್ಲಿಗೆ ತಲುಪಿತು, ಸರಕು ಹೊರಟಿತೇ, ಹೊರಟಿದ್ದರೆ ಯಾವ ಹಡಗಿನಲ್ಲಿದೆ ಎಂಬುದಕ್ಕೆ ಉತ್ತರವಿಲ್ಲ. ಎರಡು ವಾರ ಕಾದು ಘಟಕ ಮತ್ತೊಮ್ಮೆ ಇಂಡೆಂಟ್ ಕಳುಹಿಸುತ್ತದೆ. ಮೂರನೆಯ ಸಲ 'ಅತಿ ತುರ್ತು' ಎಂದು ಬರೆಯುತ್ತದೆ. ಎಲ್ಲ ಘಟಕಗಳೂ ಹೀಗೆಯೇ ಮಾಡಿದಾಗ ಎಲ್ಲವೂ ಅತಿ ತುರ್ತಾಗಿ, ಕೊನೆಗೆ ಯಾವುದೂ ತುರ್ತಾಗಿ ಉಳಿಯುವುದಿಲ್ಲ. ಮೂರು ಪಟ್ಟು ಸರಕು ಬಂದರಿಗೆ ಬಂದು ಬೀಳುತ್ತದೆ. ಬೀಳುವ ಸರಕು ಹೆಚ್ಚಿದಷ್ಟೂ ಬೇಕಾದುದನ್ನು ಅದರಲ್ಲಿ ಹುಡುಕುವುದು ಕಷ್ಟವಾಗುತ್ತದೆ. ಹುಡುಕಲಾಗದಿದ್ದಾಗ ಮತ್ತೊಂದು ಇಂಡೆಂಟ್. ಬಂದರಿನಲ್ಲಿ ಬಿದ್ದಿದ್ದ ಈ ರಾಶಿಗಳಿಗೆ 'ಕಬ್ಬಿಣದ ಬೆಟ್ಟಗಳು' ಎಂಬ ಅಡ್ಡಹೆಸರೇ ಬಂದಿತು.

ಇಲ್ಲಿ ಅತಿಯಾದ ದಾಸ್ತಾನಿಗೆ ಕಾರಣ ಸಿರಿವಂತಿಕೆಯಲ್ಲ, ಅಪನಂಬಿಕೆ. ತಾನು ಕೇಳಿದ್ದು ಬರುತ್ತದೆಂಬ ನಂಬಿಕೆಯಿಲ್ಲದವನು ಹೆಚ್ಚು ಕೇಳುತ್ತಾನೆ. ಪೇಟೆಯ ವ್ಯವಹಾರದಲ್ಲಿಯೂ ಇದೇ ನಡೆಯುತ್ತದೆ. ಹಬ್ಬದ ಮುಂಚೆ ಸರಕು ಸಿಗಲಾರದೆಂಬ ಭಯದಿಂದ ಚಿಲ್ಲರೆ ವರ್ತಕ ಮೂವರು ಸಗಟುದಾರರಿಗೆ ಆರ್ಡರ್ ಕೊಡುತ್ತಾನೆ. ಮೂವರೂ ತಯಾರಕನಿಗೆ ಅದನ್ನು ಸ್ವಲ್ಪ ಹಿಗ್ಗಿಸಿಯೇ ತಿಳಿಸುತ್ತಾರೆ. ತಯಾರಕ ಸಾಲ ಮಾಡಿ ಹೊಸ ಯಂತ್ರ ಹಾಕುತ್ತಾನೆ. ಮೊದಲ ಸರಕು ಬಂದೊಡನೆ ಉಳಿದ ಆರ್ಡರ್‌ಗಳು ರದ್ದಾಗುತ್ತವೆ, ಬಡ್ಡಿ ಮಾತ್ರ ಉಳಿಯುತ್ತದೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರು ಮಕ್ಕಳ ಡೈಪರ್ ಮಾರಾಟದಲ್ಲಿ ಇದನ್ನು ಗುರುತಿಸಿ 'ಚಾಟಿಯ ಪರಿಣಾಮ' ಎಂಬರ್ಥದ ಹೆಸರಿಟ್ಟರು. ಹಿಡಿಯ ಬಳಿಯ ಚಿಕ್ಕ ಅಲುಗಾಟ ಚಾಟಿಯ ತುದಿಯಲ್ಲಿ ದೊಡ್ಡ ಬೀಸಾಗುವಂತೆ, ಅಂಗಡಿಯಲ್ಲಿನ ಚಿಕ್ಕ ಏರುಪೇರು ಕಾರ್ಖಾನೆಯನ್ನು ತಲುಪುವಾಗ ಬೃಹತ್ತಾಗಿರುತ್ತದೆ. 1997ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹಾವ್ ಲೀ ಮತ್ತು ಸಹೋದ್ಯೋಗಿಗಳು ಇದನ್ನು ಶಾಸ್ತ್ರೀಯವಾಗಿ ವಿವರಿಸಿದರು. ಯುದ್ಧಭೂಮಿಯ ಕಬ್ಬಿಣದ ಬೆಟ್ಟಗಳೂ ಇದರ ಹತ್ತಿರದ ಸಂಬಂಧಿಗಳೇ.

ಸಣ್ಣ ಉದ್ಯಮಿಯೊಬ್ಬರು ತಮ್ಮ ಉಗ್ರಾಣ ಎಂಥ ಸ್ಥಿತಿಯಲ್ಲಿದೆಯೆಂದು ತಿಳಿಯಲು ಕಂಪ್ಯೂಟರ್ ಕೊಳ್ಳಬೇಕಾಗಿಲ್ಲ. ಸ್ಟಾಕ್ ರಿಜಿಸ್ಟರಿನಿಂದ ಯಾವುದಾದರೂ ಹತ್ತು ಬಾಬ್ತುಗಳನ್ನು ಆರಿಸಿ, ಅವು ಉಗ್ರಾಣದಲ್ಲಿ ಬರೆದ ಜಾಗದಲ್ಲಿ ಬರೆದ ಪ್ರಮಾಣದಲ್ಲಿವೆಯೇ ಎಂದು ನೋಡುವುದು. ಅನಂತರ ಉಗ್ರಾಣದಲ್ಲಿ ಕೈಗೆ ಸಿಕ್ಕ ಹತ್ತು ಪೆಟ್ಟಿಗೆಗಳನ್ನು ಹಿಡಿದು ಅವು ರಿಜಿಸ್ಟರಿನಲ್ಲಿವೆಯೇ ಎಂದು ನೋಡುವುದು. ಎರಡನೆಯ ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಬ್ಯಾಂಕಿನ ಸಾಲದ ಲೆಕ್ಕದಲ್ಲಿ ತೋರಿಸಿದ, ಆದರೆ ಬೇಕಾದಾಗ ಸಿಗದ ಸರಕಿಗೂ ನಾವು ಬಡ್ಡಿ ಕಟ್ಟುತ್ತಿರುತ್ತೇವೆ. ಅದೇ ಸರಕನ್ನು ಎರಡನೆಯ ಸಲ ಕೊಂಡರೆ ಎರಡು ಪಟ್ಟು ಬಡ್ಡಿ.

ಪಶ್ಚಿಮದತ್ತ ಸಾಗಣೆ

1991ರ ಜನವರಿ 17ರಂದು ವಾಯುದಾಳಿ ಆರಂಭವಾದೊಡನೆ ಪಗೋನಿಸ್ ಅವರ ವೃತ್ತಿಜೀವನದ ಅತ್ಯಂತ ದೊಡ್ಡ ಕೆಲಸ ಮೊದಲಾಯಿತು. ಇರಾಕಿನ ಸೇನೆ ದಾಳಿಯನ್ನು ದಕ್ಷಿಣದಿಂದಲೂ ಸಮುದ್ರದಿಂದಲೂ ನಿರೀಕ್ಷಿಸುತ್ತಿತ್ತು. ಷ್ವಾರ್ಜ್‌ಕಾಫ್ ಅವರ ಯೋಜನೆಯಾದರೋ ಎರಡು ಕೋರ್‌ಗಳನ್ನು, ಅಂದರೆ ಹಲವು ಡಿವಿಷನ್‌ಗಳುಳ್ಳ ಎರಡು ಬೃಹತ್ ಸೇನಾ ಘಟಕಗಳನ್ನು, ಗುಟ್ಟಾಗಿ ಪಶ್ಚಿಮಕ್ಕೆ ಸಾಗಿಸಿ ಅಲ್ಲಿಂದ ಸುತ್ತುವರಿಯುವುದಾಗಿತ್ತು. ಒಂದು ಕೋರ್ ಸುಮಾರು 800 ಕಿಲೋಮೀಟರ್, ಇನ್ನೊಂದು 500 ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕಾಗಿತ್ತು. ಅವಧಿ ಸುಮಾರು ಮೂರು ವಾರ.

ಇದಕ್ಕಿದ್ದ ಮುಖ್ಯ ದಾರಿ ಎಣ್ಣೆಯ ಕೊಳವೆಮಾರ್ಗದ ಪಕ್ಕದ ಟ್ಯಾಪ್‌ಲೈನ್ ರಸ್ತೆ. ದಟ್ಟಣೆಯ ದಿನಗಳಲ್ಲಿ ಆ ರಸ್ತೆಯ ಒಂದೇ ಸ್ಥಳವನ್ನು ನಿಮಿಷಕ್ಕೆ 18 ವಾಹನಗಳಂತೆ ಹಗಲೂ ರಾತ್ರಿಯೂ ದಾಟುತ್ತಿದ್ದವು. ಮುಂಚಿತವಾಗಿ ಪಶ್ಚಿಮದಲ್ಲಿ ದೊಡ್ಡ ಉಗ್ರಾಣಗಳನ್ನು ತೆರೆದರೆ ಶತ್ರುವಿಗೆ ಸುಳಿವು ಸಿಗುತ್ತಿತ್ತು. ಆದ್ದರಿಂದ ಇರಾಕಿನ ವಿಮಾನಗಳ ಕಣ್ಣು ಮುಚ್ಚುವವರೆಗೆ ಕಾದು, ಆಮೇಲೆ ಇಂಧನ, ಗುಂಡು, ನೀರು, ಆಹಾರಗಳ ಮುಂಗಡ ನೆಲೆಗಳನ್ನು ಬರಿಯ ಮರಳಿನ ಮೇಲೆ ಸ್ಥಾಪಿಸಲಾಯಿತು. ಸಾಮಾನ್ಯವಾಗಿ ಸರಬರಾಜು ಸೈನ್ಯವನ್ನು ಹಿಂಬಾಲಿಸುತ್ತದೆ. ಇಲ್ಲಿ ದಾಳಿಗೆ ಮೊದಲೇ ಸರಕು ಮುಂದೆ ಹೋಗಿ ಕಾದಿತ್ತು. ಫೆಬ್ರವರಿ 24ರಂದು ಆರಂಭವಾದ ಭೂಯುದ್ಧ 100 ಗಂಟೆಗಳಲ್ಲಿ ಮುಗಿಯಿತು.

ಸರಬರಾಜಿನ ಕೆಲಸ ಸುರಕ್ಷಿತವೆಂಬ ಭಾವನೆ ತಪ್ಪೆಂಬುದಕ್ಕೆ ಅದೇ ವಾರ ಸಾಕ್ಷಿ ದೊರೆಯಿತು. ಫೆಬ್ರವರಿ 25ರ ರಾತ್ರಿ ಇರಾಕಿನ ಸ್ಕಡ್ ಕ್ಷಿಪಣಿಯೊಂದು ದಹ್ರಾನ್ ಬಳಿ ಸೈನಿಕರು ತಂಗಿದ್ದ ಕಟ್ಟಡದ ಮೇಲೆ ಬಿದ್ದು 28 ಮಂದಿ ಸತ್ತರು. ಅವರಲ್ಲಿ 13 ಮಂದಿ, ಪಗೋನಿಸ್ ಅವರ ಸ್ವಂತ ರಾಜ್ಯವಾದ ಪೆನ್ಸಿಲ್ವೇನಿಯಾದಿಂದ ಕೆಲವೇ ದಿನಗಳ ಹಿಂದೆ ಬಂದಿದ್ದ, ನೀರು ಶುದ್ಧೀಕರಿಸುವ ಒಂದು ಚಿಕ್ಕ ಮೀಸಲು ತುಕಡಿಯವರು.

ಇನ್ನೊಂದು ಮುಖ

ಒಟ್ಟು ಕಾರ್ಯಾಚರಣೆಯ ಅಂಕಿಅಂಶಗಳು ಬೆರಗು ಹುಟ್ಟಿಸುವಂಥವು: 12.2 ಕೋಟಿ ಊಟಗಳು, 130 ಕೋಟಿ ಗ್ಯಾಲನ್ ಅಂದರೆ ಸುಮಾರು 490 ಕೋಟಿ ಲೀಟರ್ ಇಂಧನ, ವಾಹನಗಳು ಕ್ರಮಿಸಿದ ದೂರ ಸುಮಾರು 5.2 ಕೋಟಿ ಮೈಲಿ. ಆದರೆ ಅಂಕಿಗಳ ಗಾತ್ರಕ್ಕೆ ಮರುಳಾಗದೆ ನೋಡುವುದು ವರ್ತಕನ ಕರ್ತವ್ಯ. ಪಗೋನಿಸ್ ಅವರಿಗೆ ದೊರೆತ ಅನುಕೂಲಗಳು ಸಾಮಾನ್ಯವಾದವಲ್ಲ. ಯಾರ ಅಡ್ಡಿಯೂ ಇಲ್ಲದೆ ಸಿದ್ಧತೆ ನಡೆಸಲು ಐದು ತಿಂಗಳಿಗೂ ಹೆಚ್ಚು ಕಾಲ ಸಿಕ್ಕಿತು. ದಮ್ಮಾಮ್ ಮತ್ತು ಜುಬೈಲ್‌ಗಳಲ್ಲಿ ಆಧುನಿಕ ಬಂದರುಗಳಿದ್ದವು. ಇಂಧನವಂತೂ ಎಣ್ಣೆಯ ತವರಿನಲ್ಲಿಯೇ ದೊರೆಯಿತು. ಹೀಗಿದ್ದೂ ನಾಲ್ಕನೆಯ ದಿನದ ಹೊತ್ತಿಗೆ ಮುಂಚೂಣಿಯ ಟ್ಯಾಂಕು ಪಡೆಗಳಲ್ಲಿ ಇಂಧನದ ಚಿಂತೆ ಮೊದಲಾಗಿತ್ತು. ಬಿಡಿಭಾಗಗಳು ಬಂದರಿನಲ್ಲಿ ಬೇಕಾದಷ್ಟಿದ್ದರೂ ಮುಂಚೂಣಿಗೆ ಸಮಯಕ್ಕೆ ತಲುಪುತ್ತಿರಲಿಲ್ಲ. ಯುದ್ಧ ನಾಲ್ಕು ದಿನಗಳ ಬದಲು ನಾಲ್ಕು ವಾರ ನಡೆದಿದ್ದರೆ ಈ ಲೇಖನದ ಧಾಟಿ ಬೇರೆಯಾಗುತ್ತಿತ್ತೆಂದು ಹೇಳಬಹುದು.

ನನ್ನ ಅಭಿಪ್ರಾಯದಲ್ಲಿ ಪಗೋನಿಸ್ ಅವರ ಹೆಚ್ಚಳ ಕಾಣುವುದು ವಿಜಯದ ಅನಂತರದ ಕೆಲಸದಲ್ಲಿ. ಐದು ಲಕ್ಷಕ್ಕೂ ಹೆಚ್ಚಿನ ಸೈನಿಕರು ಮನೆಗೆ ಹೋಗಲು ಅವಸರಪಡುತ್ತಿರುವಾಗ, ಅವರು ಬಿಟ್ಟುಹೋದುದನ್ನೆಲ್ಲ ಎಣಿಸಿ, ವಿಂಗಡಿಸಿ, ತೊಳೆದು ಹಿಂದಕ್ಕೆ ಕಳುಹಿಸಲು ಅವರು ತಿಂಗಳುಗಟ್ಟಲೆ ಅಲ್ಲಿಯೇ ಉಳಿದರು. ಮಣ್ಣಿನೊಡನೆ ಕೀಟಗಳು ಅಮೆರಿಕವನ್ನು ಸೇರಬಾರದೆಂಬ ಕೃಷಿ ನಿಯಮದಂತೆ ಟ್ಯಾಂಕುಗಳನ್ನೂ ಲಾರಿಗಳನ್ನೂ ಒಂದೊಂದಾಗಿ ತೊಳೆಯಬೇಕಾಗಿತ್ತು. ಬಳಸದ ಗುಂಡುಮದ್ದನ್ನು ಎಚ್ಚರದಿಂದ ಮತ್ತೆ ಕಟ್ಟಬೇಕಾಗಿತ್ತು. ಯಾವ ಪತ್ರಿಕೆಯೂ ಮುಖಪುಟದಲ್ಲಿ ಬರೆಯದ ಕೆಲಸವಿದು. ಮಾರಾಟವಾಗದೆ ಹಿಂದಿರುಗಿದ ಸರಕನ್ನು ಮೂಲೆಗೆ ಎಸೆದು ವರ್ಷಾಂತ್ಯದಲ್ಲಿ ಗುಜರಿಗೆ ಹಾಕುವ ನಮ್ಮ ರೂಢಿಯ ಪಕ್ಕದಲ್ಲಿಟ್ಟು ಇದನ್ನು ನೋಡಬೇಕು.

ಸಮವಸ್ತ್ರ ಕಳಚಿದ ಮೇಲೆ

ತಮ್ಮ ಅನುಭವಗಳನ್ನು ಪಗೋನಿಸ್ 'ಮೂವಿಂಗ್ ಮೌಂಟನ್ಸ್' ಎಂಬ ಪುಸ್ತಕದಲ್ಲಿ ದಾಖಲಿಸಿದರು. 1992ರಲ್ಲಿ ಅದನ್ನು ಪ್ರಕಟಿಸಿದ್ದು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮುದ್ರಣಾಲಯ. 1993ರಲ್ಲಿ ಸೇನೆಯಿಂದ ನಿವೃತ್ತರಾಗಿ, ಆಗ ನಷ್ಟದಿಂದ ಚೇತರಿಸಿಕೊಳ್ಳಲು ಹೆಣಗುತ್ತಿದ್ದ ಸಿಯರ್ಸ್ ಎಂಬ ಚಿಲ್ಲರೆ ವ್ಯಾಪಾರ ಸಂಸ್ಥೆಯ ಸರಬರಾಜು ವಿಭಾಗದ ಮುಖ್ಯಸ್ಥರಾದರು. ಫ್ರಿಜ್, ಬಟ್ಟೆ ಒಗೆಯುವ ಯಂತ್ರಗಳಂಥ ಭಾರದ ಸರಕನ್ನು ಹೇಳಿದ ದಿನ ಗಿರಾಕಿಯ ಮನೆಗೆ ಮುಟ್ಟಿಸುವುದು ಅಲ್ಲಿನ ಮುಖ್ಯ ಕಾರ್ಯಗಳಲ್ಲೊಂದು. 2004ರವರೆಗೆ ಅವರು ಆ ಹೊಣೆಯಲ್ಲಿದ್ದರು. ಅಮೆರಿಕದ ರಕ್ಷಣಾ ಇಲಾಖೆಗೆ ವ್ಯವಹಾರ ವಿಷಯಗಳಲ್ಲಿ ಸಲಹೆ ನೀಡುವ ಮಂಡಳಿಯ ಅಧ್ಯಕ್ಷರಾಗಿಯೂ ಕೆಲಸ ಮಾಡಿದರು. ಸಿಯರ್ಸ್ ಮುಂದೆ 2018ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಗಿರಾಕಿಗಳೇ ಬೇರೆ ಕಡೆ ಹೊರಟುಹೋದ ಅಂಗಡಿಯನ್ನು ಸಾಗಣೆಯ ಕೌಶಲವೊಂದೇ ಕಾಪಾಡಲಾರದು.

ತೆರೆದು ನೋಡಬೇಕಾಗಿದ್ದ ಕಂಟೇನರ್‌ಗಳ ಕಥೆಯನ್ನು ಅಮೆರಿಕದ ಸೇನೆ ಮರೆಯಲಿಲ್ಲ. 1990ರ ದಶಕದಲ್ಲಿ ರೇಡಿಯೋ ತರಂಗಗಳ ಮೂಲಕ ತನ್ನೊಳಗಿನ ಸರಕಿನ ವಿವರ ತಿಳಿಸುವ ಆರ್.ಎಫ್.ಐ.ಡಿ. ಗುರುತುಬಿಲ್ಲೆಗಳ ಪ್ರಯೋಗ ನಡೆಯಿತು. ವಾಲ್‌ಮಾರ್ಟ್ ಕೂಡ 2003ರಲ್ಲಿ, ತನ್ನ 100 ದೊಡ್ಡ ಸರಬರಾಜುದಾರರು 2005ರ ಜನವರಿಯೊಳಗೆ ಪೆಟ್ಟಿಗೆಗಳಿಗೆ ಇಂಥ ಬಿಲ್ಲೆಗಳನ್ನು ಅಂಟಿಸಬೇಕೆಂದು ತಿಳಿಸಿತು. 2003ರ ಇರಾಕ್ ಯುದ್ಧಕ್ಕೆ ಹೊರಟ ಕಂಟೇನರ್‌ಗಳಿಗೆ ಬಿಲ್ಲೆ ಹಾಕಬೇಕೆಂಬ ಆದೇಶವೂ ಇತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧಕರು ವರದಿ ಸಲ್ಲಿಸಿದಾಗ, ಎಲ್ಲ ಕಂಟೇನರ್‌ಗಳಿಗೂ ಬಿಲ್ಲೆ ಸರಿಯಾಗಿ ಬಿದ್ದಿರಲಿಲ್ಲವೆಂಬುದು ತಿಳಿದುಬಂದಿತು. ಕಳುಹಿಸಿದೆವೆಂದು ಒಂದು ಕಡೆಯವರು ಬರೆದ ಲೆಕ್ಕಕ್ಕೂ, ಮುಟ್ಟಿತೆಂದು ಇನ್ನೊಂದು ಕಡೆಯವರು ಬರೆದ ಲೆಕ್ಕಕ್ಕೂ ನಡುವಣ ವ್ಯತ್ಯಾಸ ಸುಮಾರು 120 ಕೋಟಿ ಡಾಲರ್.